ಡ್ರಾಫ್ಟ್ ಆಯಿತು, ಮುಂದೇನು? ಐಸ್ ಹಾಕಿ ಹುಡುಗನ ಮೊದಲ ಮೂರು ವರ್ಷ

ಅಮೆರಿಕ, ಕೆನಡಾದ ದೊಡ್ಡ ವೃತ್ತಿಪರ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ನ ಪಂದ್ಯಗಳು ನಮ್ಮ ಕಡೆಗೆ ಬೆಳಗಿನ ಆಟ. ಚಳಿಗಾಲದಲ್ಲಿ ಟೊರೊಂಟೊದ ಸಂಜೆ 7 ಗಂಟೆ ಅಂದರೆ ಹುಬ್ಬಳ್ಳಿಯಲ್ಲಿ ನಸುಕಿನ 5:30, ಸಿಯಾಟಲ್‌ನ ಸಂಜೆ 7 ಅಂದರೆ ಇಲ್ಲಿ 8:30. ಹಾಕಿ ಗೊತ್ತಿರುವ ಊರು ಇದು, ಹಾಗಾಗಿ ಈ ಆಟವನ್ನು ಮೊಬೈಲಿನಲ್ಲಿ ನೋಡಲು ಶುರು ಮಾಡಿದ ಹುಡುಗರಿಗೆ ಅದರ ರುಚಿ ಬೇಗ ಹತ್ತುತ್ತದೆ. ಆದರೆ ಒಂದು ವಿಷಯ ಮಾತ್ರ ತಲೆಗೆ ಹತ್ತುವುದಿಲ್ಲ. ಜೂನ್-ಜುಲೈ ಹೊತ್ತಿಗೆ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸುವ ಸಮಾರಂಭದಲ್ಲಿ, ಇಡೀ ಜಗತ್ತಿನ ಕಣ್ಣೆದುರು ನಾಲ್ಕನೆಯವನಾಗಿ ಆಯ್ಕೆಯಾದ ಹುಡುಗ ಡಿಸೆಂಬರಿನಲ್ಲಿ ತಂಡದ ಪಟ್ಟಿಯಲ್ಲೇ ಯಾಕೆ ಇರುವುದಿಲ್ಲ? ಆಯ್ಕೆಯಾಗಿದ್ದಾನಲ್ಲ, ಇನ್ನೇನು ಬೇಕು?

ಇನ್ನೊಂದು ಪ್ರಶ್ನೆ ಇಲ್ಲಿನ ಸ್ಕೇಟಿಂಗ್ ಕ್ಲಾಸಿಗೆ ಮಕ್ಕಳನ್ನು ಕಳಿಸುವ ಪಾಲಕರದ್ದು. ಗಾಲಿಯ ಮೇಲೆ ಚೆನ್ನಾಗಿ ಓಡುವ ಮಗ ಅಥವಾ ಮಗಳಿಗೆ ಐಸ್ ಮೇಲೆ ದಾರಿ ಇದೆಯೇ ಅಂತ. ಮೊದಲನೆಯದಕ್ಕೆ ಉದ್ದ ಉತ್ತರವಿದೆ, ಎರಡನೆಯದಕ್ಕೆ ಗಿಡ್ಡ ಉತ್ತರ. ಎರಡೂ ಇಲ್ಲಿವೆ.

ನಮ್ಮಲ್ಲಿ ಹಾಕಿ ವೃತ್ತಿ ಅಂದರೆ ಮೊದಲು ನೆನಪಾಗುವುದು ನೌಕರಿ. ನೈಋತ್ಯ ರೈಲ್ವೆಯ ಕೇಂದ್ರ ಕಚೇರಿಯೇ ಹುಬ್ಬಳ್ಳಿಯಲ್ಲಿರುವುದರಿಂದ ಕ್ರೀಡಾ ಕೋಟಾದ ಲೆಕ್ಕ ಇಲ್ಲಿನ ಮನೆಮನೆಗೂ ಗೊತ್ತು. ಟ್ರಯಲ್ಸ್‌ಗೆ 40 ಅಂಕ, ಸಾಧನೆಯ ಪ್ರಮಾಣಪತ್ರಗಳಿಗೆ 50, ಓದಿಗೆ 10. ಟ್ರಯಲ್ಸ್‌ನಲ್ಲಿ 40ಕ್ಕೆ 25 ಬರದಿದ್ದರೆ ಉಳಿದದ್ದನ್ನು ನೋಡುವುದೇ ಇಲ್ಲ. ಒಮ್ಮೆ ಒಳಗೆ ಹೋದರೆ, ನಾಳೆ ಮಂಡಿ ಕೈಕೊಟ್ಟರೂ ಪಗಾರ ನಿಲ್ಲುವುದಿಲ್ಲ. ಈಚೆಗೆ ಇದಕ್ಕೆ ಹಾಕಿ ಇಂಡಿಯಾ ಲೀಗ್ ಸೇರಿಕೊಂಡಿದೆ. 2024ರ ಅಕ್ಟೋಬರ್ ಹರಾಜಿನಲ್ಲಿ ಮೂಲಬೆಲೆ 2, 5, 10 ಲಕ್ಷ ರೂಪಾಯಿ ಇತ್ತು, ಹರ್ಮನ್‌ಪ್ರೀತ್ ಸಿಂಗ್ 78 ಲಕ್ಷಕ್ಕೆ ಸೂರ್ಮಾ ಹಾಕಿ ಕ್ಲಬ್ ಪಾಲಾದರು. ಹರಾಜಿನಲ್ಲಿ ಇಬ್ಬರು ಪೈಪೋಟಿಗೆ ಬಿದ್ದರೆ ಆಟಗಾರನ ಜೇಬು ತುಂಬುತ್ತದೆ.

ಎನ್‌ಎಚ್‌ಎಲ್ ಡ್ರಾಫ್ಟ್‌ನಲ್ಲಿ ಆ ಪೈಪೋಟಿಯೇ ಇಲ್ಲ. ಸೆಪ್ಟೆಂಬರ್ 15ರೊಳಗೆ 18 ತುಂಬುವ ಹುಡುಗರು ಆ ವರ್ಷದ ಸಾಲಿಗೆ ಬರುತ್ತಾರೆ. 32 ತಂಡ, 7 ಸುತ್ತು, ಒಟ್ಟು 224 ಹೆಸರು. ಹಿಂದಿನ ಸೀಸನ್‌ನಲ್ಲಿ ಕೆಳಗೆ ಉಳಿದ ತಂಡಕ್ಕೆ ಮೊದಲ ಸರದಿ ಸಿಗುವಂತೆ ವ್ಯವಸ್ಥೆ, ಬೇಕಂತಲೇ ಸೋಲಬಾರದು ಅಂತ ಮೇಲಿನ ಸ್ಥಾನಗಳಿಗೆ ಲಾಟರಿ. ಯಾವ ಊರಿಗೆ ಹೋಗಬೇಕು ಅನ್ನುವುದನ್ನು ಹುಡುಗ ಆರಿಸುವುದಿಲ್ಲ. ತಂಡಕ್ಕೆ ಅಂದು ಸಿಗುವುದು ಅವನೊಡನೆ ಒಪ್ಪಂದ ಮಾಡಿಕೊಳ್ಳುವ ಹಕ್ಕು ಮಾತ್ರ. ಟೋಪಿ, ಜರ್ಸಿ ಹಾಕಿಕೊಂಡು ವೇದಿಕೆಯಲ್ಲಿ ಫೋಟೊ ತೆಗೆಸಿಕೊಂಡ ಹುಡುಗನಿಗೆ ಆ ರಾತ್ರಿ ಒಂದು ಡಾಲರ್ ಪಗಾರವೂ ಗೊತ್ತಾಗಿರುವುದಿಲ್ಲ. ಎಷ್ಟೋ ಹುಡುಗರಿಗೆ ಒಪ್ಪಂದದ ಕಾಗದ ಬರುವುದೇ ಇಲ್ಲ.

ಇದನ್ನೆಲ್ಲ ಒಬ್ಬನ ಮೇಲಿಟ್ಟು ನೋಡಿದರೆ ಚೆನ್ನಾಗಿ ತಿಳಿಯುತ್ತದೆ. ಅದಕ್ಕೆ ಶೇನ್ ರೈಟ್‌ಗಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ.

ರೈಟ್ ಹುಟ್ಟಿದ್ದು 2004ರ ಜನವರಿ 5ರಂದು, ಕೆನಡಾದ ಒಂಟಾರಿಯೊ ಪ್ರಾಂತ್ಯದ ಬರ್ಲಿಂಗ್ಟನ್‌ನಲ್ಲಿ. ಆಟದ ಸ್ಥಾನ ಸೆಂಟರ್, ಅಂದರೆ ಮುಂಚೂಣಿಯ ಮೂವರಲ್ಲಿ ನಡುವಿನವನು. ಈ ಜನವರಿ 5 ಅನ್ನುವ ತಾರೀಖನ್ನು ನೆನಪಿಡಿ, ಮುಂದೆ ಅದೇ ಅಡ್ಡ ಬರುತ್ತದೆ. ಒಂಟಾರಿಯೊ ಹಾಕಿ ಲೀಗ್ ಕೆನಡಾದ ಮೂರು ದೊಡ್ಡ ಜೂನಿಯರ್ ಲೀಗ್‌ಗಳಲ್ಲಿ ಒಂದು. ಸಾಮಾನ್ಯವಾಗಿ 16ಕ್ಕೆ ಪ್ರವೇಶ. 15ಕ್ಕೇ ಬರಬೇಕೆಂದರೆ ಅಸಾಧಾರಣ ಪ್ರತಿಭೆ ಅನ್ನುವ ವಿಶೇಷ ಮಾನ್ಯತೆ ಬೇಕು. ಆಟವೊಂದನ್ನೇ ನೋಡಿ ಅದನ್ನು ಕೊಡುವುದಿಲ್ಲ, ಓದು, ನಡವಳಿಕೆ, ಮನಸ್ಸಿನ ಪ್ರಬುದ್ಧತೆ ಎಲ್ಲವನ್ನೂ ತೂಗಿ ಕೊಡುತ್ತಾರೆ. 2005ರಲ್ಲಿ ಜಾನ್ ಟವಾರೆಸ್ ಅದನ್ನು ಪಡೆದ ಮೊದಲಿಗ, 2012ರಲ್ಲಿ ಕಾನರ್ ಮೆಕ್‌ಡೇವಿಡ್‌ಗೆ ಸಿಕ್ಕಿತು, 2019ರಲ್ಲಿ ರೈಟ್‌ಗೆ. ಕಿಂಗ್‌ಸ್ಟನ್ ತಂಡದಲ್ಲಿ ಮೊದಲ ವರ್ಷವೇ 58 ಪಂದ್ಯಗಳಲ್ಲಿ 66 ಪಾಯಿಂಟ್. ಇಲ್ಲಿ ಗೋಲಿಗೆ ಒಂದು, ಗೋಲಿಗೆ ನೆರವಾದ ಪಾಸಿಗೆ ಒಂದು ಪಾಯಿಂಟ್. 15 ವರ್ಷದ ಹುಡುಗ 19-20ರ ಗಂಡಸರಂಥವರ ನಡುವೆ ಇಷ್ಟು ಗಳಿಸಿದ್ದು ಸಣ್ಣ ಮಾತಲ್ಲ.

ಈ ಜೂನಿಯರ್ ವರ್ಷಗಳು ಕಠಿಣ. ಸೀಸನ್‌ಗೆ 68 ಪಂದ್ಯ, ಹೆಚ್ಚಿನವು ವಾರದ ಕೊನೆಗೆ, ಓಡಾಟವೆಲ್ಲ ಬಸ್ಸಿನಲ್ಲಿ. ಹುಡುಗ ತನ್ನ ಮನೆಯಲ್ಲಿರುವುದಿಲ್ಲ. ತಂಡ ಗೊತ್ತುಮಾಡಿದ ಊರಿನ ಒಂದು ಕುಟುಂಬದ ಮನೆಯಲ್ಲಿ ಇದ್ದು, ಅಲ್ಲೇ ಉಂಡು, ಹತ್ತಿರದ ಶಾಲೆಗೆ ಹೋಗುತ್ತಾನೆ. ಆ ಕುಟುಂಬಕ್ಕೆ ತಂಡ ತಿಂಗಳಿಗಿಷ್ಟು ಅಂತ ಕೊಡುತ್ತದೆ. ಹುಡುಗನಿಗೆ ಸಿಗುವುದು ಕೈಖರ್ಚಿನ ಹಣ. ಜೊತೆಗೆ ಲೀಗ್‌ನಲ್ಲಿ ಆಡಿದ ಒಂದೊಂದು ಸೀಸನ್‌ಗೂ ಮುಂದೆ ಕಾಲೇಜಿನ ಒಂದೊಂದು ವರ್ಷದ ಖರ್ಚು ಕಟ್ಟಿಕೊಡುವ ಕರಾರು ಇರುತ್ತದೆ. ನಮ್ಮ ಕ್ರೀಡಾ ವಸತಿ ನಿಲಯಗಳಲ್ಲಿ ಇಂಥದೊಂದು ಲಿಖಿತ ಕರಾರು ಇದ್ದಿದ್ದರೆ ಗದಗ, ಹಾವೇರಿಯ ಎಷ್ಟೋ ಹಾಕಿ ಹುಡುಗರು ಪಿಯುಸಿಗೇ ಓದು ಬಿಡುತ್ತಿರಲಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನೊಂದು ದಾರಿ ಅಮೆರಿಕದ ಕಾಲೇಜು ಹಾಕಿ. ಅಲ್ಲಿ ಪಂದ್ಯಗಳು ಕಡಿಮೆ, 40ರ ಒಳಗೆ. ಜಿಮ್‌ನಲ್ಲಿ ಮೈ ಕಟ್ಟಲು ದಿನಗಳು ಜಾಸ್ತಿ. ತೆಳ್ಳಗಿನ ಹುಡುಗನಿಗೆ ಅದೇ ವಾಸಿ. ಮೊದಲು ಕೆನಡಾದ ಆ ಮೂರು ಲೀಗ್‌ಗಳಲ್ಲಿ ಆಡಿದವನನ್ನು ವೃತ್ತಿಪರ ಎಂದು ಲೆಕ್ಕ ಹಾಕಿ ಕಾಲೇಜಿಗೆ ಸೇರಿಸುತ್ತಿರಲಿಲ್ಲ. 15-16ನೇ ವಯಸ್ಸಿಗೇ ಒಂದು ಬಾಗಿಲು ಶಾಶ್ವತವಾಗಿ ಮುಚ್ಚುತ್ತಿತ್ತು. 2025ರ ಆಗಸ್ಟ್ 1ರಿಂದ ಆ ನಿಯಮ ಹೋಗಿದೆ, ಈಗ ಜೂನಿಯರ್ ಆಡಿ ಆಮೇಲೆ ಕಾಲೇಜಿಗೂ ಹೋಗಬಹುದು. ಗ್ಯಾವಿನ್ ಮೆಕೆನ್ನಾ ಅನ್ನುವ ಹುಡುಗ ಕೆನಡಾದ ಮೆಡಿಸಿನ್ ಹ್ಯಾಟ್ ಜೂನಿಯರ್ ತಂಡ ಬಿಟ್ಟು ಪೆನ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋದದ್ದು ಇದೇ ಬದಲಾವಣೆಯಿಂದ.

ರೈಟ್‌ಗೆ ಮೊದಲ ಹೊಡೆತ ಬಿದ್ದದ್ದು ಅವನದಲ್ಲದ ಕಾರಣಕ್ಕೆ. ಕೋವಿಡ್‌ನಿಂದ 2020-21ರ ಒಂಟಾರಿಯೊ ಲೀಗ್ ಪೂರ್ತಿ ರದ್ದಾಯಿತು. 16-17ರ ವಯಸ್ಸಿನಲ್ಲಿ ಒಂದು ಇಡೀ ಸೀಸನ್ ಹೋಗುವುದೆಂದರೆ ಗೋಲಿನ ಲೆಕ್ಕ ಹೋಗುವುದಷ್ಟೇ ಅಲ್ಲ, ವೇಗದ ಆಟದಲ್ಲಿ ಕಣ್ಣು ಓಡುವ ಅಭ್ಯಾಸವೇ ತಪ್ಪುತ್ತದೆ. 2021-22ರಲ್ಲಿ 63 ಪಂದ್ಯಗಳಲ್ಲಿ 94 ಪಾಯಿಂಟ್ ಮಾಡಿದರೂ, 2022ರ ಡ್ರಾಫ್ಟ್‌ನಲ್ಲಿ ಮೊದಲಿಗನಾಗುತ್ತಾನೆ ಎಂದುಕೊಂಡಿದ್ದವನು ನಾಲ್ಕಕ್ಕೆ ಇಳಿದ. ಮಾಂಟ್ರಿಯಲ್‌ನವರು ಯುರಾಯ್ ಸ್ಲಾಫ್ಕೊವ್‌ಸ್ಕಿಯನ್ನು ಆರಿಸಿದರು, ರೈಟ್ ಸಿಯಾಟಲ್ ಕ್ರಾಕೆನ್ ಪಾಲಾದ. ಮೂರು ಸ್ಥಾನದ ಇಳಿತ ದೊಡ್ಡ ಅನಾಹುತವೇನಲ್ಲ. ಇದೇ ವಿಶೇಷ ಮಾನ್ಯತೆ ಪಡೆದಿದ್ದ ಶಾನ್ ಡೇ 2016ರಲ್ಲಿ ಮೂರನೇ ಸುತ್ತಿನವರೆಗೆ ಇಳಿದು 81ನೆಯವನಾಗಿ ಆಯ್ಕೆಯಾಗಿದ್ದ. 15ರಲ್ಲಿ ಎಲ್ಲರಿಗಿಂತ ದೊಡ್ಡವನಾಗಿ ಕಾಣುವ ಹುಡುಗ 18ಕ್ಕೆ ಬರುವಾಗ ಉಳಿದವರು ಅವನ ಎತ್ತರಕ್ಕೆ ಬಂದಿರುತ್ತಾರೆ.

ಈಗ ಒಪ್ಪಂದ. 18ರಿಂದ 21ರೊಳಗೆ ಸಹಿ ಹಾಕಿದರೆ ಮೊದಲ ಒಪ್ಪಂದ ಕಡ್ಡಾಯವಾಗಿ ಮೂರು ವರ್ಷದ್ದು. ಮೂಲ ಪಗಾರಕ್ಕೆ ಮಿತಿ ಇದೆ. 2022 ಮತ್ತು 2023ರಲ್ಲಿ ಆಯ್ಕೆಯಾದವರಿಗೆ ವರ್ಷಕ್ಕೆ ಗರಿಷ್ಠ 9,50,000 ಡಾಲರ್, 2024ರವರಿಗೆ 9,75,000. ಇದರೊಳಗೇ ನೂರಕ್ಕೆ 10ರವರೆಗೆ ಸಹಿ ಹಾಕಿದ ಬೋನಸ್. ಎಷ್ಟೇ ದೊಡ್ಡ ಪ್ರತಿಭೆಯಾಗಲಿ, ಮೂಲ ಪಗಾರ ಇದನ್ನು ದಾಟುವಂತಿಲ್ಲ, ಸಾಧನೆಗೆ ಕೊಡುವ ಬೋನಸ್ ಮಾತ್ರ ಬೇರೆ. ಜನ ಗಮನಿಸದೆ ಬಿಡುವ ಸಾಲು ಇನ್ನೊಂದಿದೆ. ಇದು ಎರಡು ದರದ ಒಪ್ಪಂದ. ಎನ್‌ಎಚ್‌ಎಲ್ ಪಟ್ಟಿಯಲ್ಲಿದ್ದ ದಿನಕ್ಕೆ ಒಂದು ದರ, ಕೆಳಗಿನ ಅಮೆರಿಕನ್ ಹಾಕಿ ಲೀಗ್, ಅಂದರೆ ಎಎಚ್‌ಎಲ್‌ನಲ್ಲಿದ್ದ ದಿನಕ್ಕೆ ಇನ್ನೊಂದು. ಸೀಸನ್ ಸುಮಾರು 190 ದಿನ ಅಂತ ಹಿಡಿದರೆ 9,50,000ದ ಲೆಕ್ಕದಲ್ಲಿ ಮೇಲಿನ ದಿನಗೂಲಿ 5,000 ಡಾಲರ್. ಕೆಳಗಿನ ಲೀಗ್‌ನ ಪಗಾರ ವರ್ಷಕ್ಕೆ 80 ಸಾವಿರದ ಆಸುಪಾಸು, ದಿನಕ್ಕೆ 420ರಷ್ಟು. ಬೆಳಗ್ಗೆ ಒಂದು ಫೋನ್ ಬಂದರೆ ಆದಾಯ ಹನ್ನೆರಡರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಮೇಲಿನ ದರ ನಂಬಿ ಮನೆ ಬಾಡಿಗೆಗೆ, ಕಾರಿನ ಕಂತಿಗೆ ಸಹಿ ಹಾಕಿದ ಹುಡುಗರು ಸಿಕ್ಕಿಬೀಳುವುದು ಇಲ್ಲಿಯೇ. ಅದಕ್ಕೇ ತಿಳಿದ ಏಜೆಂಟರು ಮೊದಲ ವರ್ಷ ಸ್ವಂತ ಮನೆ ಮಾಡಲು ಬಿಡುವುದಿಲ್ಲ, ಹೋಟೆಲಿನಲ್ಲೋ ಹಿರಿಯ ಆಟಗಾರನ ಮನೆಯಲ್ಲೋ ಇರು ಅನ್ನುತ್ತಾರೆ.

ಮೂರನೆಯ ಸಾಲು ಎಲ್ಲಕ್ಕಿಂತ ಮುಖ್ಯ. ಒಪ್ಪಂದಕ್ಕೆ ಸಹಿ ಹಾಕಿದ ಹುಡುಗ 18 ಅಥವಾ 19ರವನಾಗಿದ್ದು, ಆ ಸೀಸನ್‌ನಲ್ಲಿ 10ಕ್ಕಿಂತ ಕಡಿಮೆ ಎನ್‌ಎಚ್‌ಎಲ್ ಪಂದ್ಯ ಆಡಿದರೆ, ಆ ವರ್ಷ ಒಪ್ಪಂದದ ಲೆಕ್ಕಕ್ಕೇ ಬರುವುದಿಲ್ಲ. ಇಡೀ ಒಪ್ಪಂದ ಒಂದು ವರ್ಷ ಮುಂದಕ್ಕೆ ಸರಿಯುತ್ತದೆ. ತಂಡಕ್ಕೆ ಇದು ಲಾಭ, ಯಾಕೆಂದರೆ ಅಗ್ಗದ ಮೂರು ವರ್ಷಗಳು ಹುಡುಗ ಬಲಿತ ಮೇಲೆ ಸಿಗುತ್ತವೆ. ಹುಡುಗನಿಗೆ ದೊಡ್ಡ ಪಗಾರದ ಎರಡನೇ ಒಪ್ಪಂದ ಅಷ್ಟು ದೂರ ಹೋಗುತ್ತದೆ. ಆದ್ದರಿಂದ ಅಕ್ಟೋಬರ್ ಕೊನೆಗೆ ಒಂಬತ್ತನೇ ಪಂದ್ಯದ ಹೊತ್ತಿಗೆ ಎಲ್ಲ ಕಡೆ ಇದೇ ಚರ್ಚೆ: ಇಟ್ಟುಕೊಳ್ಳುವುದೋ, ಕಳಿಸುವುದೋ.

ರೈಟ್‌ನ 2022-23 ಹೀಗೆ ನಡೆಯಿತು. ಸೀಸನ್ ಶುರುವಿಗೇ ತಂಡದ ಪಟ್ಟಿಯಲ್ಲಿ ಹೆಸರಿತ್ತು. ಆದರೆ ಕೆಲವು ಪಂದ್ಯಗಳಲ್ಲಿ ಗಾಯವಿಲ್ಲದಿದ್ದರೂ ಹೊರಗೆ ಕೂರಿಸಿದರು, ಆಡಿಸಿದಾಗಲೂ ಸುಮಾರು 8 ನಿಮಿಷದಷ್ಟೇ ಐಸ್ ಮೇಲೆ. ಒಂದು ಶಿಫ್ಟ್, ಅಂದರೆ ಬೆಂಚಿನಿಂದ ಇಳಿದು ಆಡಿ ಮರಳುವ ಒಂದು ಸರದಿ, 45 ಸೆಕೆಂಡ್ ಅಂತ ಹಿಡಿದರೆ ಇಡೀ ಪಂದ್ಯಕ್ಕೆ ಹತ್ತೋ ಹನ್ನೊಂದೋ ಸರದಿ. ಮುಂಚೂಣಿಯ ಆಟಗಾರನಿಗೆ ಅದೇ ಪಂದ್ಯದಲ್ಲಿ 20 ನಿಮಿಷ ಸಿಗುತ್ತದೆ. ಹತ್ತು ಸರದಿಯಲ್ಲಿ ಬೆವರೇ ಬರುವುದಿಲ್ಲ. ಎರಡು ಸರದಿಯ ನಡುವೆ ಕಾಲು ತಣ್ಣಗಾಗುತ್ತದೆ, ಒಂದು ತಪ್ಪಾದರೆ ಮುಂದಿನ ಸರದಿಯೇ ಇಲ್ಲ ಅನ್ನುವ ಹೆದರಿಕೆಗೆ ಹುಡುಗ ಪಕ್ ಅನ್ನು, ಅಂದರೆ ಚೆಂಡಿನ ಬದಲು ಇಲ್ಲಿ ಆಡುವ ರಬ್ಬರ್ ಬಿಲ್ಲೆಯನ್ನು, ಬೇಗ ಬೇಗ ಸಾಗಹಾಕುತ್ತಾನೆ. ಗೋಲು ಹೊಡೆಯುವ ಕೈಯನ್ನು ಹಾಳು ಮಾಡಲು ಇದಕ್ಕಿಂತ ಸುಲಭ ದಾರಿ ಇಲ್ಲ.

ಹಾಗಾದರೆ ಕೆಳಗಿನ ಎಎಚ್‌ಎಲ್‌ಗೆ ಕಳಿಸಿ 20 ನಿಮಿಷ ಆಡಿಸಬಹುದಿತ್ತಲ್ಲ? ಆಗುತ್ತಿರಲಿಲ್ಲ. ಕೆನಡಾದ ಜೂನಿಯರ್ ಲೀಗ್‌ಗಳೊಂದಿಗಿನ ಕರಾರಿನ ಪ್ರಕಾರ, ಅಲ್ಲಿಂದ ಬಂದ 20 ತುಂಬದ ಹುಡುಗ ಒಂದೋ ಎನ್‌ಎಚ್‌ಎಲ್‌ನಲ್ಲಿರಬೇಕು, ಇಲ್ಲವೇ ಮರಳಿ ಜೂನಿಯರ್ ತಂಡಕ್ಕೆ ಹೋಗಬೇಕು. ಒಂದಕ್ಕೆ ಅವನು ಸಣ್ಣವನು, ಇನ್ನೊಂದಕ್ಕೆ ದೊಡ್ಡವನು. ಸಿಯಾಟಲ್‌ನವರು ನಿಯಮದ ಸಂದಿಯೊಂದನ್ನು ಬಳಸಿದರು. ಸತತ ಐದು ಪಂದ್ಯ ಹೊರಗೆ ಕೂತವನನ್ನು ಆಟದ ಲಯಕ್ಕೆ ತರಲು ಎರಡು ವಾರ ಎಎಚ್‌ಎಲ್‌ಗೆ ಕಳಿಸಬಹುದು. ರೈಟ್ ಕೋಚೆಲ್ಲಾ ವ್ಯಾಲಿ ಫೈರ್‌ಬರ್ಡ್ಸ್ ತಂಡದಲ್ಲಿ ಐದು ಪಂದ್ಯ ಆಡಿ ನಾಲ್ಕು ಗೋಲು ಹೊಡೆದ. ಮರಳಿ ಬಂದು, ಡಿಸೆಂಬರ್ 6ರಂದು, ತನ್ನನ್ನು ಬಿಟ್ಟು ಬೇರೆಯವನನ್ನು ಆರಿಸಿದ ಮಾಂಟ್ರಿಯಲ್ ಮೇಲೆಯೇ ಎನ್‌ಎಚ್‌ಎಲ್‌ನ ಮೊದಲ ಗೋಲು. ಆಮೇಲೆ ಕೆನಡಾದ 20ರೊಳಗಿನ ತಂಡದ ನಾಯಕನಾಗಿ ವಿಶ್ವ ಜೂನಿಯರ್ ಚಿನ್ನ, ಅಲ್ಲಿಂದ ಮತ್ತೆ ಒಂಟಾರಿಯೊ ಲೀಗ್, ಈ ಸಲ ವಿಂಡ್ಸರ್ ತಂಡ. ಎನ್‌ಎಚ್‌ಎಲ್‌ನಲ್ಲಿ ಒಟ್ಟು 8 ಪಂದ್ಯ. ಒಪ್ಪಂದ ಮುಂದಕ್ಕೆ ಸರಿಯಿತು.

18ರ ಹುಡುಗನಿಗೆ ಐಸ್ ಮೇಲೆ ನಿಜವಾಗಿ ಎಲ್ಲಿ ತೊಡಕಾಗುತ್ತದೆ? ಕೌಶಲ ಸಾಲದೆ ಸೋಲುವವರು ಕಡಿಮೆ. ಮೂರು ಜಾಗದಲ್ಲಿ ಸಿಕ್ಕಿಬೀಳುತ್ತಾರೆ.

ಮೊದಲನೆಯದು ಅಂಕಣದ ಸುತ್ತಲಿನ ಬೋರ್ಡ್ ಗೋಡೆ. ನಮ್ಮ ಹಾಕಿಯಲ್ಲಿ ಚೆಂಡು ಗೆರೆ ದಾಟಿದರೆ ಆಟ ನಿಲ್ಲುತ್ತದೆ, ಇಲ್ಲಿ ಗೋಡೆಗೆ ಬಡಿದು ಆಟ ಮುಂದುವರಿಯುತ್ತದೆ. ತನ್ನ ರಕ್ಷಣಾ ವಲಯದಲ್ಲಿ ಹಿಂದಿನವನು ಗೋಡೆಗುಂಟ ಪಕ್ ತಳ್ಳಿದಾಗ ಅದನ್ನು ಹಿಡಿಯಬೇಕಾದವನು ಅಂಚಿನ ಮುಂಚೂಣಿ ಆಟಗಾರ. ಹೊಸ ಹುಡುಗನನ್ನು ಸೆಂಟರ್‌ನಿಂದ ತೆಗೆದು ಮೊದಲು ನಿಲ್ಲಿಸುವುದು ಬಹಳ ಸಲ ಅಲ್ಲಿಯೇ. ಬೆನ್ನು ಅಂಕಣದ ಕಡೆ, ಮುಖ ಗೋಡೆಯ ಕಡೆ, 95 ಕಿಲೋದ ಎದುರಾಳಿ ಡಿಫೆಂಡರ್ ಹಿಂದಿನಿಂದ ನುಗ್ಗಿ ಬರುತ್ತಿರುತ್ತಾನೆ. ಸರಿಯಾದ ಕ್ರಮ ಇದು: ಪಕ್ ಬರುವ ಮೊದಲೇ ಎರಡು ಸಲ ಭುಜದ ಮೇಲಿಂದ ಹಿಂದೆ ನೋಡಬೇಕು. ಸೊಂಟವನ್ನು ಗೋಡೆಗೆ ಓರೆಯಾಗಿ ಒತ್ತಬೇಕು. ಗೋಡೆ ಮತ್ತು ಸ್ಕೇಟ್ ನಡುವೆ ಪಕ್ ಸಿಕ್ಕಿಸಿಕೊಂಡು, ಹೊಡೆತ ತಿಂದು, ಆಮೇಲೆ ಒಳಗಿನ ಸೆಂಟರ್‌ಗೆ ಸಣ್ಣ ಪಾಸ್. ಹುಡುಗರು ಮಾಡುವ ತಪ್ಪೆಂದರೆ ಹೊಡೆತಕ್ಕೆ ಮೊದಲೇ ಕೋಲಿನ ತುದಿಯಿಂದ ಪಕ್ ಅನ್ನು ಹೊರಗೆ ತಳ್ಳುವುದು. ಅದು ರಕ್ಷಣಾ ವಲಯದ ಅಂಚಿನ ನೀಲಿ ಗೆರೆ ದಾಟುವುದಿಲ್ಲ, ಎದುರಾಳಿಯ ಕೋಲಿಗೆ ಸಿಗುತ್ತದೆ, ಐದು ಸೆಕೆಂಡಿನಲ್ಲಿ ಗೋಲು.

ಎರಡನೆಯದು ಎರಡನೇ ಅವಧಿ. 20 ನಿಮಿಷದ ಮೂರು ಅವಧಿಗಳ ಆಟ ಇದು. ಎರಡನೆಯದರಲ್ಲಿ ತಂಡಗಳು ದಿಕ್ಕು ಬದಲಿಸುವುದರಿಂದ ತಮ್ಮ ಬೆಂಚು ತಮ್ಮ ಗೋಲಿನಿಂದ ದೂರವಾಗುತ್ತದೆ. ರಕ್ಷಣೆಯಲ್ಲಿ ಸಿಕ್ಕಿಹಾಕಿಕೊಂಡವರು ಬದಲಿಗೆ ಬೆಂಚು ಮುಟ್ಟಬೇಕೆಂದರೆ ಅಷ್ಟು ಉದ್ದ ಸ್ಕೇಟ್ ಮಾಡಬೇಕು. 45 ಸೆಕೆಂಡಿನ ಸರದಿ ಒಂದೂವರೆ ನಿಮಿಷವಾಗುತ್ತದೆ, ತೊಡೆ ಉರಿಯುತ್ತದೆ, ಮೊಣಕಾಲು ನೆಟ್ಟಗಾಗುತ್ತದೆ, ನೆಟ್ಟಗಾದ ಕಾಲಿನಲ್ಲಿ ತಿರುಗಲು ಆಗುವುದಿಲ್ಲ. ಜೂನಿಯರ್‌ನಲ್ಲಿ ಇನ್ನೊಂದು ದಾಳಿ ನೋಡೋಣ ಅಂತ ಉಳಿದುಕೊಳ್ಳುವ ಚಟ ಇದ್ದವನು ಇಲ್ಲಿ ತಕ್ಷಣ ಬಯಲಾಗುತ್ತಾನೆ. ಪಕ್ ಎದುರಾಳಿಯ ವಲಯಕ್ಕೆ ಹೋದ ಕ್ಷಣವೇ ಬೆಂಚಿಗೆ ತಿರುಗಬೇಕು, ಇನ್ನೂ ಕಸುವಿದ್ದಾಗಲೇ.

ಮೂರನೆಯದು ಫೇಸ್‌ಆಫ್, ಅಂದರೆ ಎದುರುಬದುರು ನಿಂತ ಇಬ್ಬರ ನಡುವೆ ಪಕ್ ಬೀಳಿಸಿ ಆಟ ಶುರು ಮಾಡುವುದು, ಸೆಂಟರ್‌ಗಳ ಕೆಲಸ. ಪಕ್ ಬೀಳುವಾಗ ಎದುರಿಗಿರುವವನಿಗೆ ಹದಿನೈದು ವರ್ಷದ ಅನುಭವ ಇರಬಹುದು. ತುದಿ ವಲಯದ ವೃತ್ತಗಳಲ್ಲಿ ರಕ್ಷಿಸುವ ತಂಡದವನು ಮೊದಲು ಕೋಲು ಊರಬೇಕೆಂಬ ನಿಯಮವೂ ಇದೆ. ಹೊಸಬ ಕೈಬಲ ನಂಬುತ್ತಾನೆ. ಗೆಲ್ಲುವುದು ಅಗಲ ಕಾಲು, ತಗ್ಗಿದ ಸೊಂಟ, ಎದುರಾಳಿಯ ಕೋಲನ್ನು ಮೊದಲು ಎತ್ತಿ ಆಮೇಲೆ ಪಕ್ ಎಳೆಯುವ ಕ್ರಮ.

ಮರುವರ್ಷ, 2023-24. ಕೆನಡಾದ ಜೂನಿಯರ್ ಲೀಗ್‌ನಿಂದ ಬಂದವನು ಎಎಚ್‌ಎಲ್ ಆಡಬೇಕಾದರೆ ಡಿಸೆಂಬರ್ 31ರೊಳಗೆ 20 ತುಂಬಬೇಕಿತ್ತು. ರೈಟ್‌ಗೆ ತುಂಬುವುದು ಜನವರಿ 5ಕ್ಕೆ. ಐದು ದಿನಕ್ಕೆ ಇಡೀ ವರ್ಷ ಮತ್ತೆ ಜೂನಿಯರ್‌ಗೆ ಹೋಗಬೇಕಾಗಿತ್ತು. ಅವನಿಗೆ ವಿನಾಯಿತಿ ಕೊಟ್ಟರು. ಅದು ಸರಿಯಾದ ತೀರ್ಮಾನ, ಎಲ್ಲರಿಗೂ ಸಿಗಬೇಕಾದದ್ದು. ಎನ್‌ಎಚ್‌ಎಲ್ ಮತ್ತು ಆಟಗಾರರ ಸಂಘದ ನಡುವೆ 2026-27ರಿಂದ ಜಾರಿಗೆ ಬರುವ ಹೊಸ ಒಪ್ಪಂದದಲ್ಲಿ ಪ್ರತಿ ತಂಡ 19 ವರ್ಷದ ಒಬ್ಬ ಜೂನಿಯರ್ ಆಟಗಾರನನ್ನು ಎಎಚ್‌ಎಲ್‌ಗೆ ಕಳಿಸಬಹುದು. ತಡವಾಗಿ ಬಂದ ಒಳ್ಳೆಯ ಬದಲಾವಣೆ.

ಎಎಚ್‌ಎಲ್ ಅನ್ನು ಕೆಳದರ್ಜೆ ಎಂದು ತಳ್ಳಿಹಾಕುವವರು ಅದನ್ನು ಸರಿಯಾಗಿ ನೋಡಿಲ್ಲ. 72 ಪಂದ್ಯ, ಕೆಲವು ವಾರ ಶುಕ್ರ, ಶನಿ, ರವಿವಾರ ಮೂರು ದಿನ ಮೂರು ಪಂದ್ಯ. ಐಸ್‌ಗೆ ಇಳಿಯುವ 18 ಜನರಲ್ಲಿ 13 ಮಂದಿ ಇನ್ನೂ ಬೆಳೆಯುತ್ತಿರುವವರೇ ಆಗಿರಬೇಕು ಅಂತ ನಿಯಮವಿದೆ. ಉಳಿದ ಐವರು ಕಸಬು ಕಲಿಸುವ ಹಳಬರು. ವಾರದ ಮಧ್ಯೆ ಪಂದ್ಯ ಕಡಿಮೆ ಇರುವುದರಿಂದ ಅಭ್ಯಾಸಕ್ಕೆ, ಜಿಮ್‌ಗೆ ದಿನ ಸಿಗುತ್ತದೆ, ಎನ್‌ಎಚ್‌ಎಲ್‌ನಲ್ಲಿ ಅದೇ ಸಿಗುವುದಿಲ್ಲ. ರೈಟ್ ಅಲ್ಲಿ 59 ಪಂದ್ಯ ಆಡಿ 22 ಗೋಲು ಹೊಡೆದ, ತಂಡ ಎಎಚ್‌ಎಲ್‌ನ ಪ್ರಶಸ್ತಿಯಾದ ಕ್ಯಾಲ್ಡರ್ ಕಪ್‌ನ ಫೈನಲ್‌ವರೆಗೆ ಹೋಗಿ ಹರ್ಷಿ ಬೇರ್ಸ್ ಎದುರು ಸೋತಿತು. ಮೇಲೆ ಕರೆದಾಗ ಮತ್ತೆ 8 ಪಂದ್ಯ, ಆದರೆ ಈ ಸಲ ನಾಲ್ಕು ಗೋಲು. ಎರಡೂ ವರ್ಷ ಎಂಟೆಂಟೇ ಪಂದ್ಯ, ಎರಡೂ ವರ್ಷ ಹತ್ತರ ಗೆರೆಯ ಕೆಳಗೆ.

2024-25ರಲ್ಲಿ ಪೂರ್ತಿ ಸೀಸನ್ ಸಿಯಾಟಲ್‌ನಲ್ಲಿ. ನವೆಂಬರಿನಲ್ಲಿ ಕೋಚ್ ಮೂರು ಪಂದ್ಯ ಹೊರಗೆ ಕೂರಿಸಿದರು. ಎರಡು ವರ್ಷ ಹಿಂದಿನಂತೆ ಬೆಂಚಿನಲ್ಲಿ ಮರೆಯಲಿಲ್ಲ, ಮರಳಿ ಬಂದ ಮೇಲೆ ಅವನಿಗೆ ಕೆಲಸ ಕೊಟ್ಟರು. 79 ಪಂದ್ಯ, 19 ಗೋಲು, 44 ಪಾಯಿಂಟ್. ಆಯ್ಕೆಯಾದದ್ದು 18ರಲ್ಲಿ, ಆಟಗಾರನಾದದ್ದು 20-21ರಲ್ಲಿ.

ನೇರ ಒಳಗೆ ಹೋಗುವವರೂ ಇದ್ದಾರೆ. 2023ರ ಮೊದಲಿಗ ಕಾನರ್ ಬೆಡಾರ್ಡ್ ಅದೇ ಅಕ್ಟೋಬರಿನಲ್ಲಿ ಶಿಕಾಗೊ ಪರ ಇಳಿದ. ಜನವರಿಯಲ್ಲಿ ಒಂದು ಡಿಕ್ಕಿಗೆ ದವಡೆ ಮುರಿದು 14 ಪಂದ್ಯ ತಪ್ಪಿತು, ಆದರೂ 68 ಪಂದ್ಯಗಳಲ್ಲಿ 61 ಪಾಯಿಂಟ್ ಗಳಿಸಿ ವರ್ಷದ ಹೊಸಬನ ಪ್ರಶಸ್ತಿ ಪಡೆದ. 2024ರ ಮೊದಲಿಗ ಮ್ಯಾಕ್ಲಿನ್ ಸೆಲೆಬ್ರಿನಿ ಬಾಸ್ಟನ್ ವಿಶ್ವವಿದ್ಯಾಲಯದಲ್ಲಿ ಒಂದು ವರ್ಷ ಆಡಿ ಸ್ಯಾನ್ ಹೋಸೆಗೆ ಹೋದ, ಮೊದಲ ಪಂದ್ಯದ ಗಾಯದಿಂದ 12 ಪಂದ್ಯ ಕಳೆದುಕೊಂಡೂ 70ರಲ್ಲಿ 63 ಪಾಯಿಂಟ್. ಇಬ್ಬರಿಗೂ ಮೊದಲ ವಾರದಿಂದಲೇ ಮುಂಚೂಣಿಯ ನಿಮಿಷಗಳು ಸಿಕ್ಕವು, ಏಕೆಂದರೆ ಎರಡೂ ತಂಡಗಳು ಆಗ ತಳದಲ್ಲಿದ್ದವು. ಹುಡುಗನನ್ನು ಅಳೆಯುವಾಗ ಗೋಲಿಗಿಂತ ಮೊದಲು ಎಷ್ಟು ನಿಮಿಷ ಆಡಿಸಿದರು ಅಂತ ನೋಡಿ. ನಮ್ಮ ರಾಜ್ಯ ತಂಡಕ್ಕೆ ಹೋಗಿ ಬೆಂಚಿನಲ್ಲಿ ಕೂತು ಬಂದ ಹುಡುಗನ ಬಗ್ಗೆ ಮಾತಾಡುವಾಗಲೂ ಇದೇ ಲೆಕ್ಕ ಹಾಕಬೇಕು.

ಸಾಮಾನಿನ ವಿಷಯದಲ್ಲಿ ಎರಡು ಮಾತು. ಐಸ್ ಸ್ಕೇಟಿನ ಉಕ್ಕಿನ ಅಲಗು ಸುಮಾರು 3 ಮಿಲಿಮೀಟರ್ ದಪ್ಪ. ಅದಕ್ಕೆ ಸಾಣೆ ಹಿಡಿಯುವುದು ಕುಡುಗೋಲಿಗೆ ಹಿಡಿದ ಹಾಗಲ್ಲ. ಅಲಗಿನ ತಳದಲ್ಲಿ ಉದ್ದಕ್ಕೂ ಒಂದು ತೋಡು ತೆಗೆಯುತ್ತಾರೆ, ಅದರ ಎರಡು ಕಡೆ ಒಂದೊಂದು ಅಂಚು ಉಳಿಯುತ್ತದೆ. ತೋಡಿನ ವೃತ್ತದ ತ್ರಿಜ್ಯ ಅರ್ಧ ಇಂಚು ಇರುವುದು ಸಾಮಾನ್ಯ. 3/8 ಇಂಚು ಮಾಡಿದರೆ ತೋಡು ಆಳವಾಗಿ ಅಂಚು ಐಸ್ ಕಚ್ಚುತ್ತದೆ, ತಿರುವು ಚುರುಕು, ಆದರೆ ಕಾಲು ಬೇಗ ದಣಿಯುತ್ತದೆ. 5/8 ಮಾಡಿದರೆ ಜಾರಿಕೆ ಚೆನ್ನ, ಹಿಡಿತ ಕಡಿಮೆ. ಹಗುರ ಹುಡುಗನಿಗೆ ಆಳ, ಭಾರದವನಿಗೆ ಮೇಲುತೋಡು. ಸಾಣೆ ಆದ ಮೇಲೆ ಎರಡೂ ಅಂಚು ಸಮ ಇವೆಯೇ ಅಂತ ಅಲಗಿನ ಮೇಲೆ ಅಡ್ಡಲಾಗಿ ಒಂದು ನಾಣ್ಯವಿಟ್ಟು ನೋಡಬೇಕು. ವಾಲಿದರೆ ಒಂದು ಅಂಚು ಎತ್ತರವಾಗಿದೆ ಅಂತ ಅರ್ಥ. ಆ ಸ್ಕೇಟಿನಲ್ಲಿ ಒಂದು ಕಡೆ ತಿರುಗಿದಾಗ ಕಾಲು ಹಿಡಿಯುತ್ತದೆ, ಇನ್ನೊಂದು ಕಡೆ ತಿರುಗಿದಾಗ ಜಾರುತ್ತದೆ, ಹುಡುಗ ತನ್ನ ಪಾದದ್ದೇ ದೋಷ ಅಂದುಕೊಳ್ಳುತ್ತಾನೆ.

ಕೋಲಿನ ಮೇಲಿನ 85, 75 ಅನ್ನುವ ಸಂಖ್ಯೆ ಬಾಗುವಿಕೆಯದು. ಒಂದು ಇಂಚು ಬಗ್ಗಿಸಲು ಅಷ್ಟು ಪೌಂಡ್ ಬಲ ಬೇಕು ಅಂತ. ದೇಹದ ತೂಕದ ಪೌಂಡ್ ಲೆಕ್ಕದ ಅರ್ಧದಿಂದ ಶುರು ಮಾಡಿದರೆ ಸರಿಹೋಗುತ್ತದೆ. ಗಟ್ಟಿ ಕೋಲೇ ಒಳ್ಳೆಯದು ಅಂತ ಹಿರಿಯರದ್ದನ್ನು ಕೊಟ್ಟರೆ ಅದು ಬಗ್ಗುವುದೇ ಇಲ್ಲ, ಹೊಡೆತಕ್ಕೆ ಪುಟಿತ ಬರುವುದಿಲ್ಲ.

ಈಗ ಇಲ್ಲಿನ ಮಕ್ಕಳು. ಕೆನಡಾದ ಹುಡುಗ ನಾಲ್ಕೈದು ವರ್ಷಕ್ಕೆ ಐಸ್ ಹತ್ತುತ್ತಾನೆ. ಹನ್ನೆರಡಕ್ಕೆ ಶುರು ಮಾಡುವ ಧಾರವಾಡದ ಹುಡುಗನಿಗೆ ಎನ್‌ಎಚ್‌ಎಲ್ ಕನಸು ಹೇಳಿ ಪಾಲಕರ ಹಣ ಖರ್ಚು ಮಾಡಿಸುವುದು ಅನ್ಯಾಯ. ಭಾರತದಲ್ಲಿ ಈ ಆಟದಿಂದ ಹೊಟ್ಟೆ ಹೊರೆಯುವ ವೃತ್ತಿಪರ ಲೀಗ್ ಇಲ್ಲ. ಆದರೆ ದೇಶದ ತಂಡ ಇದೆ. 1989ರಿಂದ ಭಾರತ ಅಂತರರಾಷ್ಟ್ರೀಯ ಐಸ್ ಹಾಕಿ ಒಕ್ಕೂಟದ ಸದಸ್ಯ, 2025ರಲ್ಲಿ ನಮ್ಮ ಮಹಿಳಾ ತಂಡ ಯುಎಇಯ ಅಲ್ ಐನ್‌ನಲ್ಲಿ ನಡೆದ ಏಷ್ಯಾ ಮತ್ತು ಓಷಿಯಾನಿಯಾ ಕಪ್‌ನಲ್ಲಿ ಕಂಚು ಗೆದ್ದಿತು. ಆಟದ ಬೇರು ಲಡಾಖ್‌ನಲ್ಲಿದೆ. ಐಸ್ ಸಿಗುವ ಜಾಗಗಳಲ್ಲಿ ಲೇಹ್‌ನದು ಚಳಿಗಾಲದ ಎರಡು-ಮೂರು ತಿಂಗಳು, ಡೆಹ್ರಾಡೂನ್‌ನಲ್ಲಿ ಹಿಮಾದ್ರಿ ಒಳಾಂಗಣ ರಿಂಕ್. ಲೇಹ್ 3,500 ಮೀಟರ್ ಎತ್ತರದಲ್ಲಿದೆ, ಇಳಿದ ಮೇಲೆ ಕನಿಷ್ಠ ಎರಡು ದಿನ ಸುಮ್ಮನೆ ವಿಶ್ರಾಂತಿ, ಆಮೇಲೆ ಸ್ಕೇಟ್.

ಇಲ್ಲಿದ್ದುಕೊಂಡು ಆಗುವ ತಯಾರಿ ಇನ್‌ಲೈನ್ ಹಾಕಿ, ಒಂದೇ ಸಾಲಿನ ನಾಲ್ಕು ಗಾಲಿ ಮತ್ತು ಪಕ್‌ನ ಆಟ. ಎರಡೆರಡು ಗಾಲಿಯ ಜೋಡಿ ಸ್ಕೇಟಿನಲ್ಲಿ ಚೆಂಡಿನೊಂದಿಗೆ ಆಡುವ ರೋಲರ್ ಹಾಕಿ ಬೇರೆ, ಸೇರುವ ಮೊದಲು ಕ್ಲಾಸಿನಲ್ಲಿ ಯಾವುದು ಅಂತ ಕೇಳಿಕೊಳ್ಳಿ. ಮೈದಾನದ ಹಾಕಿ ಆಡಿದ ಮಕ್ಕಳಿಗೆ ಒಂದು ಅನುಕೂಲವಿದೆ. ನಮ್ಮ ಹಾಕಿಯಲ್ಲಿ ಬಲಗೈ ಯಾವಾಗಲೂ ಕೆಳಗೆ, ಐಸ್ ಹಾಕಿಯ ಲೆಕ್ಕದಲ್ಲಿ ಅದು ಬಲ ಹೊಡೆತ, ಅಂಥ ಡಿಫೆಂಡರ್‌ಗಳು ಎಲ್ಲ ತಂಡಗಳಿಗೂ ಕಡಿಮೆ ಬೀಳುತ್ತಾರೆ. ಆ ಹಿಡಿತ ಬದಲಿಸಬೇಡಿ. ಬಿಡಬೇಕಾದ ಚಟ ಒಂದು: ಕೋಲಿನ ಒಂದೇ ಮಗ್ಗುಲು ಬಳಸುವುದು. ಐಸ್ ಹಾಕಿ ಕೋಲಿನ ಎರಡು ಮಗ್ಗುಲೂ ಆಡುತ್ತವೆ.

ಕುತ್ತಿಗೆ ಪಟ್ಟಿ ಇಲ್ಲದೆ ಐಸ್‌ಗೆ ಇಳಿಸಬೇಡಿ. 2023ರ ಅಕ್ಟೋಬರಿನಲ್ಲಿ ಇಂಗ್ಲೆಂಡ್‌ನ ಪಂದ್ಯವೊಂದರಲ್ಲಿ ಸ್ಕೇಟಿನ ಅಲಗು ಕುತ್ತಿಗೆಗೆ ತಾಗಿ ಆಡಮ್ ಜಾನ್ಸನ್ ತೀರಿಕೊಂಡ ಮೇಲೆ ಅಂತರರಾಷ್ಟ್ರೀಯ ಒಕ್ಕೂಟ ತನ್ನ ಟೂರ್ನಿಗಳಲ್ಲಿ ಅದನ್ನು ಕಡ್ಡಾಯ ಮಾಡಿದೆ. ಎನ್‌ಎಚ್‌ಎಲ್ ಕೂಡ 2026-27ರಿಂದ ಹೊಸದಾಗಿ ಬರುವ ಆಟಗಾರರಿಗೆ ಕಡ್ಡಾಯ ಮಾಡುತ್ತಿದೆ.

ಗಾಲಿಯಿಂದ ಐಸ್‌ಗೆ ಹೋದಾಗ ಮುಂದೋಟ, ಕಾಲಿನ ಮೇಲೆ ಕಾಲು ದಾಟಿಸಿ ತಿರುಗುವುದು ಹಾಗೆಯೇ ಒದಗುತ್ತವೆ. ನಿಲ್ಲುವುದು ಒದಗುವುದಿಲ್ಲ. ಗಾಲಿಯ ಸಾಲು ನೆಟ್ಟಗಿರುತ್ತದೆ, ಐಸ್ ಅಲಗು ಹಿಂದೆ ಮುಂದೆ ಬಾಗಿರುತ್ತದೆ, ನೆಲ ಮುಟ್ಟುವುದು ನಡುವಿನ ಸ್ವಲ್ಪ ಭಾಗ ಮಾತ್ರ. ಹಿಮ್ಮಡಿಗೆ ಭಾರ ಹಾಕಿದ ಹುಡುಗ ಅಂಗಾತ ಬೀಳುತ್ತಾನೆ. ಮೊದಲು ಗೋಡೆ ಹಿಡಿದು ನಿಂತು ಒಂದು ಪಾದವನ್ನು ಅಡ್ಡವಾಗಿ ತಳ್ಳಿ ಐಸ್ ಮೇಲಿನ ಪುಡಿ ಕೆರೆಯಬೇಕು. ಅಂಚು ಕಚ್ಚಿ ಪಾದ ಹೊರಳಿದರೆ ಪಾದದ ಮೇಲೆ ಭಾರ ಜಾಸ್ತಿ ಆಯಿತು ಅಂತ. ಪುಡಿ ಸಲೀಸಾಗಿ ಏಳತೊಡಗಿದ ಮೇಲೆ ನಿಧಾನ ಓಡುತ್ತ ಒಂದೇ ಪಾದದಿಂದ ಅದನ್ನೇ ಮಾಡಬೇಕು, ಆಮೇಲೆ ಎರಡೂ ಪಾದ, ಸೊಂಟ ಪೂರ್ತಿ ತಿರುಗಿಸಿ, ಮೊಣಕಾಲು ಬೂಟಿನ ತುದಿ ದಾಟುವಷ್ಟು ಬಗ್ಗಿಸಿ. ಎಲ್ಲ ಮಕ್ಕಳಿಗೂ ಒಂದು ಮಗ್ಗುಲಿಗೆ ನಿಲ್ಲುವುದು ಬೇಗ ಬರುತ್ತದೆ, ಆ ಮಗ್ಗುಲಿಗೇ ಅಂಟಿಕೊಳ್ಳುತ್ತಾರೆ. ಬಾರದ ಮಗ್ಗುಲಿಗೆ ಎರಡು ಪಾಲು ಅಭ್ಯಾಸ ಮಾಡಿಸಬೇಕು, ಅದು ಬರುವವರೆಗೆ ಕೈಗೆ ಕೋಲು ಕೊಡಬಾರದು.